ಹತ್ತು ಕಾಜ, ಎರಡು ಗಂಟೆ

ನನ್ನ ಚಿಕ್ಕಪ್ಪ ದರ್ಜಿ. ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದಾರೆ. ಗುಂಡಿ ತೂರಿಸುವ ಕಾಜಗಳನ್ನು ಮಾತ್ರ ಮಿಷನ್ನಿಗೆ ಬಿಡುವುದಿಲ್ಲ. ಕೈಯಲ್ಲೇ ಹೊಲಿಯುತ್ತಾರೆ, ಅದೂ ಕಟ್ಟಕಡೆಗೆ. ಹಾಗಾಗಿ ಅವರ ಅಂಗಡಿಯಲ್ಲಿ ಯಾವ ಬಟ್ಟೆಯೂ ಹೇಳಿದ ದಿನಕ್ಕೆ ಸಿಕ್ಕಿದ್ದಿಲ್ಲ.

ಅವರ ಅಕ್ಕ, ಅಂದರೆ ನನ್ನ ಅತ್ತೆ, ಮಗನ ಮದುವೆಯ ಕೋಟು ಹೊಲಿಯಲು ಹೇಳಿದಾಗಲೇ ಫೋನಿನಲ್ಲಿ ಎಚ್ಚರಿಸಿದ್ದರು: "ನಿಲ್ದಾಣದ ಗಾಜಿನ ಬಾಗಿಲಲ್ಲೇ ನಿಂತಿರ್ತೀನಿ. ನೀನು ವಿಮಾನದ ಮೆಟ್ಟಿಲು ಇಳಿಯೋದೂ ಕಾಣುತ್ತೆ. ಅಲ್ಲೇ ಹತ್ತೂ ಗುಂಡಿ ಹಾಕಿ ನೋಡ್ತೀನಿ. ಒಂದು ಕೂರದಿದ್ರೂ ರೆಡಿಮೇಡ್ ಕೋಟು ಹಾಕಿಸ್ತೀನಿ!"

ಚಿಕ್ಕಪ್ಪನ ಪಾಲಿಗೆ ರೆಡಿಮೇಡ್ ಎನ್ನುವುದು ಬೈಗುಳ.

ಹೊರಡುವ ದಿನ ಕೋಟು ಸಿದ್ಧವಾಗಿತ್ತು, ಹತ್ತು ಕಾಜಗಳ ಹೊರತು. ಚಿಕ್ಕಪ್ಪ ಗಾಬರಿಯಾಗದೆ ಗೋಡೆಯ ಭೂಪಟದ ಮೇಲೆ ಟೇಪು ಹಿಡಿದರು. ನಮ್ಮ ಸಣ್ಣ ವಿಮಾನ ನಿಲ್ದಾಣದಿಂದ ಅತ್ತೆಯ ಊರಿನ ಸಣ್ಣ ನಿಲ್ದಾಣಕ್ಕೆ ನಲವತ್ತನಾಲ್ಕು ಸೆಂಟಿಮೀಟರ್. ಸೆಂಟಿಮೀಟರಿಗೆ ಇಪ್ಪತ್ತೈದು ಕಿಲೋಮೀಟರಿನಂತೆ ಸಾವಿರದ ನೂರು. (ಆಮೇಲೆ ನಾನೂ ಎರಡು ಸಲ ಅಳೆದೆ. ಸರಿಯಾಗಿದೆ.) ವಿಮಾನ ಗಂಟೆಗೆ ಐನೂರೈವತ್ತು ಕಿಲೋಮೀಟರ್ ಹೋಗುತ್ತದೆಂದು ಟಿಕೆಟ್ ಕೊಟ್ಟವರು ಹೇಳಿದ್ದರು.

"ಎರಡು ಗಂಟೆ ದಾರಿ. ಕಾಜಕ್ಕೆ ಹನ್ನೆರಡು ನಿಮಿಷ. ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಕಣೇ!"

"ವಿಮಾನದಲ್ಲಿ ಕೂತು ಹೊಲೀತೀರಾ? ನನ್ನ ಮಾನ ಹೋಗುತ್ತೆ," ಎಂದರು ಚಿಕ್ಕಮ್ಮ.

"ಅಷ್ಟು ಮೇಲೆ ನಮ್ಮನ್ನ ಯಾರು ನೋಡ್ತಾರೆ?"

ತಪಾಸಣೆಯಲ್ಲಿ ಕತ್ತರಿ ಕಿತ್ತುಕೊಂಡರು, ಸೂಜಿ ಬಿಟ್ಟರು. ಕಾಜದ ಸೀಳುಗಳನ್ನು ಮನೆಯಲ್ಲೇ ಕತ್ತರಿಸಿ ಆಗಿತ್ತು. ಆದರೆ ನೂಲು ಕಡಿಯುವುದು ಹೇಗೆ? ಚಿಕ್ಕಪ್ಪನಿಗೆ ಮುಂದಿನ ಹಲ್ಲುಗಳಿಲ್ಲ. ಮೊದಲ ಕಾಜ ಮುಗಿದಾಗ ಕೋಟನ್ನು ಚಿಕ್ಕಮ್ಮನ ಬಾಯಿಯ ಹತ್ತಿರ ಹಿಡಿದರು.

"ಕಚ್ಚು."

"ಇಪ್ಪತ್ತಾರು ವರ್ಷ ಸಂಸಾರ ಮಾಡಿ ಕೊನೆಗೆ ಕತ್ತರಿ ಆದೆ," ಎನ್ನುತ್ತ ಚಿಕ್ಕಮ್ಮ ಕಚ್ಚಿದರು.

ಏಳನೆಯದು ಮುಗಿಯುತ್ತಿದ್ದಂತೆ ಪೈಲಟ್ ದನಿ ಕೇಳಿಸಿತು. ಹಿಂದಿನಿಂದ ಗಾಳಿ ಜೋರಾಗಿ ತಳ್ಳುತ್ತಿರುವುದರಿಂದ ಇಪ್ಪತ್ತೈದು ನಿಮಿಷ ಮುಂಚೆಯೇ ಇಳಿಯುತ್ತೇವೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ ಗಗನಸಖಿಯನ್ನು ಕರೆದರು.

"ಯಾರಿಗಮ್ಮ ಇಷ್ಟೊಂದು ಅವಸರ? ಸ್ವಲ್ಪ ನಿಧಾನವಾಗಿ ಓಡಿಸೋಕೆ ಹೇಳು."

"ಇದೇನು ಸೈಕಲ್ಲಾ ಸರ್? ಬೆಲ್ಟ್ ಹಾಕ್ಕೊಳ್ಳಿ."

ಎಂಟನೆಯದು ಮುಗಿದಾಗ ಊರೇ ಕಾಣತೊಡಗಿತ್ತು. ಚಿಕ್ಕಪ್ಪನ ಹಣೆಯ ಬೆವರು ಕೋಟಿಗೆ ಬೀಳದಂತೆ ಚಿಕ್ಕಮ್ಮ ಸೆರಗು ಹಿಡಿದು ಕೂತರು. ಆಗ ಮತ್ತೆ ಪೈಲಟ್ ದನಿ: ರನ್‌ವೇ ಮೇಲೆ ನಾಯಿಯೊಂದು ಓಡಾಡುತ್ತಿದೆ, ಅದನ್ನು ಹಿಡಿಯುವವರೆಗೆ ಮೇಲೆಯೇ ಸುತ್ತುತ್ತೇವೆ. ಎಲ್ಲರೂ ಗೊಣಗಿದರು. ಚಿಕ್ಕಪ್ಪ ಒಬ್ಬರೇ ಚಪ್ಪಾಳೆ ತಟ್ಟಿದರು.

"ನೂರು ವರ್ಷ ಬಾಳಪ್ಪ! ಸಿಕ್ಕಬೇಡ, ಓಡು!"

ನಾಯಿ ಇಪ್ಪತ್ತೆರಡು ನಿಮಿಷ ಓಡಿತು. ಹತ್ತನೆಯ ಕಾಜದ ಕೊನೆಯ ಹೊಲಿಗೆ ಹಾಕುವಾಗ ಚಕ್ರಗಳು ಧಡ್ಡೆಂದು ನೆಲ ಮುಟ್ಟಿದವು, ಸೂಜಿ ಪಕ್ಕಕ್ಕೆ ಜಾರಿತು. ಚಿಕ್ಕಮ್ಮ ಕಚ್ಚಿದರು.

ಬಾಗಿಲಲ್ಲಿ ಅತ್ತೆ ತೋಳಿನ ಮೇಲೆ ರೆಡಿಮೇಡ್ ಕೋಟು ಹಾಕಿಕೊಂಡೇ ನಿಂತಿದ್ದರು. ಮಾತಾಡಿಸುವ ಮೊದಲೇ ಗುಂಡಿ ಹಾಕತೊಡಗಿದರು. ಒಂಬತ್ತು ಸಲೀಸಾಗಿ ಕೂತವು. ಹತ್ತನೆಯದೂ ಕೂತಿತು, ಸೊಟ್ಟಗೆ.

"ಇದ್ಯಾಕೋ ಹೀಗೆ?"

"ಅದು ನನ್ನ ಕೈ ಅಲ್ಲ ಅಕ್ಕ, ನಿಮ್ಮೂರಿನ ರನ್‌ವೇ."

ಅತ್ತೆ ಗುಂಡಿಯನ್ನು ಜಗ್ಗಿ ನೋಡಿದರು. ಬಿಚ್ಚಿಕೊಳ್ಳಲಿಲ್ಲ. "ಆಯ್ತು, ಮಗ ಇದನ್ನೇ ಹಾಕ್ಕೊಳ್ಳಲಿ," ಎಂದವರು ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಚಿಕ್ಕಪ್ಪನ ಅಂಗಿಗೆ ಎರಡೇ ಗುಂಡಿಗಳಿದ್ದವು. "ಇದನ್ನ ನೀನು ಹಾಕ್ಕೋ," ಎಂದು ರೆಡಿಮೇಡ್ ಕೋಟನ್ನು ಅವರ ಮೇಲೆ ಹೊದಿಸಿದರು.

ಮದುವೆಯ ಎಲ್ಲ ಫೋಟೋಗಳಲ್ಲೂ ಚಿಕ್ಕಪ್ಪ ಅದರಲ್ಲೇ ಇದ್ದಾರೆ. ತುಂಬ ಚೆನ್ನಾಗಿ ಕೂತಿದೆ. ಈ ಮಾತನ್ನು ಅವರೆದುರು ನಾವ್ಯಾರೂ ಆಡುವುದಿಲ್ಲ.