ಹಾಯಿಯ ಮೂಲೆಗೆ ಹಚ್ಚಿದ ಅರಿಶಿನ

ಜಯನಗರದ ಏಳನೇ ಬ್ಲಾಕಿನ ಆ ಮನೆಗೆ ದೋಣಿ ಬರುವ ಮೊದಲು ಕಾಂಪೌಂಡಿನೊಳಗೆ ಬಟ್ಟೆ ಒಣಗಿಸುವ ತಂತಿಯಿತ್ತು. ತಂತಿಯ ಕೆಳಗೆ ದೊಡ್ಡಪತ್ರೆ, ಕರಿಬೇವು, ಒಗೆಯುವ ಕಲ್ಲು. ೧೯೭೮ರ ಬೇಸಿಗೆಯಲ್ಲಿ ಸೇತುರಾಮ ಪ್ಲೈವುಡ್ ಹಲಗೆಗಳನ್ನು ತಂದು ಇಳಿಸಿದಾಗ ಮೊದಲು ಹೋದದ್ದು ತಂತಿ, ಆಮೇಲೆ ದೊಡ್ಡಪತ್ರೆ. ಅವನ ಹೆಂಡತಿ ಪಂಕಜಾ ಅಂದಿನಿಂದ ಒದ್ದೆ ಬಟ್ಟೆಯ ಬಕೆಟ್ಟನ್ನು ತಾರಸಿಗೆ ಹೊತ್ತಳು. ಮೂರು ವರ್ಷ ಹೊತ್ತಳು. ದೋಣಿ ಕಟ್ಟಿದವರು ಯಾರೆಂದು ಬೀದಿಯಲ್ಲಿ ಯಾರನ್ನು ಕೇಳಿದರೂ ಸೇತುರಾಮ ಎನ್ನುತ್ತಿದ್ದರು. ಬಕೆಟ್ಟಿನ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಸೇತುರಾಮ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪುಸ್ತಕವೊಂದರಲ್ಲಿ ಈ ದೋಣಿಯ ಚಿತ್ರವಿತ್ತು. ಹಾಯಿ ಕಟ್ಟಿದ ಚಿಕ್ಕ ದೋಣಿ, ಮುಂದೆ ಇಬ್ಬರು ಮಲಗುವಷ್ಟು ಗೂಡು. ಎರಡು ಚಕ್ರದ ಟ್ರೈಲರಿನ ಮೇಲೆ ಕೂರಿಸಿ ಜೀಪಿನ ಹಿಂದೆ ಕಟ್ಟಿದರೆ ಯಾವ ಕೆರೆಗೆ ಬೇಕಾದರೂ ಒಯ್ಯಬಹುದು. ಭಾನುವಾರ ರೇಸು, ರಜೆಯಲ್ಲಿ ಪ್ರವಾಸ. ನಡೆಸುವುದಕ್ಕೆ ಇಬ್ಬರು ಸಾಕು: ಒಬ್ಬರು ಚುಕ್ಕಾಣಿಗೆ, ಒಬ್ಬರು ಮುಂದಿನ ಹಾಯಿಯ ಹಗ್ಗಕ್ಕೆ.

"ಆ ಎರಡನೆಯವಳು ನೀನೇ ಕಣೇ," ಎಂದಿದ್ದ. "ಕನ್ನಂಬಾಡಿಗೆ ಹೋಗೋಣ. ಎರಡು ದಿನ ದೋಣೀಲೇ ಇರೋದು. ನೀನು ಒಲೆ ಮುಟ್ಟೋ ಹಾಗಿಲ್ಲ."

ಪಂಕಜಾ ಬಸವನಗುಡಿಯ ಹುಡುಗಿ. ಎಂಟೊಂಬತ್ತು ವರ್ಷದವಳಿದ್ದಾಗ ಶ್ರೀರಂಗಪಟ್ಟಣದಲ್ಲಿ ಒಮ್ಮೆ ಹರಿಗೋಲಿನಲ್ಲಿ ಕೂತಿದ್ದಳು. ಕೈಯನ್ನು ನೀರಿಗೆ ಬಿಟ್ಟಿದ್ದಳು, ಬೆರಳ ಸಂದಿಯಲ್ಲಿ ಹೊಳೆ ಹರಿದಿತ್ತು. ದಡ ಬಂದಾಗ ಇಳಿಯಲಾರೆನೆಂದು ಅತ್ತದ್ದು ಅವಳಿಗೆ ಇನ್ನೂ ನೆನಪಿತ್ತು. ಮದುವೆಯಾದ ಮೇಲೆ ಅವಳು ಕಂಡ ನೀರೆಂದರೆ ನಲ್ಲಿಯದು, ಹಂಡೆಯದು, ಪಾತ್ರೆ ತೊಳೆದದ್ದು. ಹಾಗಾಗಿ ಗಂಡನ ಮಾತನ್ನು ಅವಳು ತಮಾಷೆ ಎಂದುಕೊಳ್ಳಲಿಲ್ಲ. ಎರಡು ದಿನ, ನೀರಿನ ಮೇಲೆ, ಒಲೆಯಿಲ್ಲದೆ. ಅದನ್ನು ಅವಳು ಬೇರೆಯವರು ಒಡವೆಯನ್ನು ಎತ್ತಿಡುವ ಹಾಗೆ ಮನಸ್ಸಿನಲ್ಲಿ ಎತ್ತಿಟ್ಟುಕೊಂಡಳು.

ಮರಗೆಲಸ ಮುಗಿಯುವ ಹೊತ್ತಿಗೆ ಹಾಯಿಯ ಬಟ್ಟೆ ಬೊಂಬಾಯಿಯಿಂದ ಬಂತು. ಟೆರಿಲಿನ್, ಮುಟ್ಟಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತಿತ್ತು. ಹೊಲಿಯುವವರು ಊರಲ್ಲಿ ಯಾರೂ ಇರಲಿಲ್ಲ. ಬೀದಿಯವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದ ಪಂಕಜಾಳ ಮೆಷೀನು ಮನೆಯಲ್ಲೇ ಇತ್ತು. ಒಂದೊಂದು ಪಟ್ಟಿಯ ಅಂಚೂ ನೇರ ಇರಬಾರದು, ಸ್ವಲ್ಪ ಬಾಗಿರಬೇಕು, ಇಲ್ಲದಿದ್ದರೆ ಹಾಯಿ ಗಾಳಿ ಹಿಡಿಯುವುದಿಲ್ಲ ಎಂದು ಸೇತುರಾಮ ಪುಸ್ತಕ ಹಿಡಿದು ವಿವರಿಸುತ್ತಾ ಕೂತ.

"ಚಪ್ಪಟೆ ಬಟ್ಟೆ ಮೈಮೇಲೆ ಕೂರಲ್ಲ, ರವಿಕೆಗೆ ಟಕ್ಸ್ ಹಿಡೀಬೇಕು. ಅದೇ ತಾನೇ?" ಎಂದಳು ಅವಳು.

"ಹಾಗೇ ಅಂದ್ಕೋ," ಎಂದು ಅವನು ನಕ್ಕ.

ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ, ಸಂಜೆಯ ಕಾಫಿಗೆ ಹಾಲು ಕಾಯಿಸುವ ಮುಂಚೆ ಅವಳು ಹೊಲಿದಳು. ಹಾಯಿ ನಡುಮನೆಗಿಂತ ದೊಡ್ಡದಾಗಿ, ಬಾಗಿಲು ದಾಟಿ ದೇವರಮನೆಯ ಹೊಸ್ತಿಲವರೆಗೂ ಚಾಚಿಕೊಂಡಿತು. ಬಟ್ಟೆಯ ಭಾರಕ್ಕೆ ಹೊಲಿಗೆ ಸೊಟ್ಟಗಾಗದಿರಲೆಂದು ಎರಡು ಕುರ್ಚಿಗಳನ್ನು ಆನಿಸಿದಳು. ಮೂಲೆಗಳಲ್ಲಿ ಪದರದ ಮೇಲೆ ಪದರ ಕೂಡಿ ಮೆಷೀನಿನ ಸೂಜಿ ಮುರಿಯಿತು. ಅಲ್ಲಿ ಗೋಣಿ ಹೊಲಿಯುವ ದಬ್ಬಣ ಹಿಡಿದು, ಹರಿದ ಚಪ್ಪಲಿಯ ತೊಗಲನ್ನು ಅಂಗೈಗೆ ಕಟ್ಟಿಕೊಂಡು ಒತ್ತಿ ಒತ್ತಿ ಹೊಲಿದಳು. ಆ ದಿನಗಳಲ್ಲಿ ಅಂಗೈ ನೋವಿಗೆ ಚಪಾತಿ ಲಟ್ಟಿಸಲಾರದೆ ಉಪ್ಪಿಟ್ಟು ಮಾಡಿದರೆ, "ಇವತ್ತೂ ಉಪ್ಪಿಟ್ಟಾ?" ಎಂದು ಸೇತುರಾಮ ಕೇಳುತ್ತಿದ್ದ.

ಅತ್ತೆ ಸೀತಮ್ಮ ಗೋಡೆಗೊರಗಿ ಕೂತು, "ನಮ್ಮ ಸೊಸೆ ದೋಣಿಗೆ ಸೀರೆ ಉಡಿಸ್ತಿದಾಳೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆದರೆ ಕೊನೆಯ ಹೊಲಿಗೆ ಮುಗಿದ ದಿನ ಅವರೇ ಒಳಗಿಂದ ಅರಿಶಿನದ ಬಟ್ಟಲು ತಂದರು. "ಹೊಸ ಬಟ್ಟೆ ಕಣೇ. ಅರಿಶಿನ ಹಚ್ಚದೆ ಹಾಗೇ ಕೊಡ್ತಾರೇನು?"

ಹೊಸ ಸೀರೆಯ ಸೆರಗಿಗೆ, ಮಗುವಿನ ಹೊಸ ಅಂಗಿಯ ತುದಿಗೆ ಹಚ್ಚುವ ಹಾಗೆ ಪಂಕಜಾ ಹಾಯಿಯ ಕೆಳಮೂಲೆಗೆ ಅರಿಶಿನ ಹಚ್ಚಿದಳು. ಅವಳು ದಬ್ಬಣದಿಂದ ಹೊಲಿದ ಮೂಲೆಯೇ ಅದು. ಬೆರಳಿನ ಗುರುತಿಗಿಂತ ಸ್ವಲ್ಪ ದೊಡ್ಡದಾಯಿತು. ಆ ವಾರವೇ ಮನೆಯಲ್ಲಿ ಮಿಕ್ಕಿದ್ದ ಹತ್ತಿ ಬಟ್ಟೆಯಲ್ಲಿ ತನಗೊಂದು ಚೂಡಿದಾರ್ ಹೊಲಿದುಕೊಂಡಳು. ಸೀರೆ ಉಟ್ಟು ಹಗ್ಗ ಎಳೆಯುವುದು ಹೇಗೆ? ಅದನ್ನು ಯಾರಿಗೂ ತೋರಿಸದೆ ಬೀರುವಿನಲ್ಲಿ ಹಾಸಿಗೆ ಬಟ್ಟೆಗಳ ಕೆಳಗಿಟ್ಟಳು.

ಗೊಟ್ಟಿಗೆರೆಯ ಕೆರೆಯಲ್ಲಿ ಮೊದಲ ರೇಸು ಗೊತ್ತಾದದ್ದು ೧೯೮೧ರ ಆಷಾಢದಲ್ಲಿ. ಆಷಾಢದಲ್ಲಿ ಯಾರಾದರೂ ಹೊಸದು ಶುರುಮಾಡುತ್ತಾರೆಯೇ ಎಂದು ಸೀತಮ್ಮ ಗೊಣಗಿದರು. ಗಾಳಿ ಬೇಕಾದರೆ ಆಷಾಢವೇ ಆಗಬೇಕಮ್ಮ ಎಂದ ಮಗ. ಆ ಭಾನುವಾರ ಬೆಳಿಗ್ಗೆ ಚಿತ್ರಾನ್ನ ಕಲಸಿಟ್ಟು ಹಿತ್ತಲಿಗೆ ಬಂದ ಪಂಕಜಾ, ಒಗೆಯುವ ಕಲ್ಲಿನ ಮೇಲೆ ಬಟ್ಟೆ ಸೋಪು ನೆನೆದು ಮೆತ್ತಗಾಗಿ ಬಿದ್ದಿರುವುದನ್ನು ಕಂಡಳು. ಕೈಯ ಗ್ರೀಸು ತೊಳೆದುಕೊಂಡಿರಬೇಕು, ಸೋಪು ಎತ್ತಿಡುವ ಬುದ್ಧಿ ಈ ಮನೆಯ ಗಂಡಸರಿಗೆ ಎಂದು ಬಂದೀತು ಎಂದುಕೊಂಡು ಅದನ್ನು ಎತ್ತಿಟ್ಟಳು.

ಜೀಪು ಕಿಟ್ಟಿಯದು. ಸೇತುರಾಮನ ಆಫೀಸಿನಲ್ಲೇ ಇದ್ದ ಅವನು ತಂದೆಯ ಜೀಪನ್ನು ಕೇಳಿ ತಂದಿದ್ದ. ಮುಂದೆ ಅವರಿಬ್ಬರು, ಹಿಂದೆ ಟಿಫಿನ್ ಕ್ಯಾರಿಯರುಗಳ ನಡುವೆ ಪಂಕಜಾ, ಅವಳ ತೊಡೆಯ ಮೇಲೆ ಚೂಡಿದಾರಿನ ಚೀಲ. ಅರೆಕೆರೆಯ ಹತ್ತಿರ ರಾಗಿ ಹೊಲಗಳ ನಡುವೆ ಟ್ರೈಲರು ಕುಲುಕಾಡುತ್ತಾ ಬರುವುದನ್ನೇ ಹಿಂದಿನ ಸೀಟಿನಿಂದ ನೋಡುತ್ತಿದ್ದಳು. ಹಾಯಿ ದೋಣಿಯೊಳಗೆ ಅದರದೇ ಚೀಲದಲ್ಲಿತ್ತು.

ದಡದಲ್ಲಿ ಶಾಮಿಯಾನ, ಕುರ್ಚಿ, ಇಂಗ್ಲಿಷ್ ಮಾತನಾಡುವ ಜನ. ಬಟ್ಟೆ ಬದಲಿಸುವುದಕ್ಕೆ ಎಲ್ಲಾದರೂ ಮರೆ ಇದೆಯೇ ಎಂದು ಅವಳು ಸುತ್ತ ನೋಡುತ್ತಿದ್ದಾಗ ಸೇತುರಾಮ ಹತ್ತಿರ ಬಂದ.

"ಇವತ್ತು ಕಿಟ್ಟಿ ಕೂರ್ತಾನೆ ಕಣೇ. ಗಾಳಿ ಜೋರಿದೆ, ತೂಕ ಬೇಕು. ಜೀಪು ಬೇರೆ ತಂದಿದಾನೆ, ಬೇಡ ಅನ್ನೋಕಾಗುತ್ತಾ?"

"ನಾನು?"

"ಮುಂದಿನ ಸಲ."

ಅವಳು ಚೀಲವನ್ನು ಟಿಫಿನ್ ಕ್ಯಾರಿಯರಿನ ಹಿಂದೆ ಇಟ್ಟು ಶಾಮಿಯಾನದಲ್ಲಿ ಕೂತಳು. ಅದನ್ನು ಅವಳು ನುಂಗಿಕೊಂಡಳು. ಗಾಳಿ ಜೋರಿತ್ತು ನಿಜ, ಕಿಟ್ಟಿ ತೂಕವಾಗಿದ್ದದ್ದೂ ನಿಜ. ಆಮೇಲೆ ಹಾಯಿ ಮೇಲೇರಿತು. ಸಡಿಲಾಗಿ ಪಟಪಟನೆ ಬಡಿದುಕೊಂಡದ್ದು ಒಮ್ಮೆಲೇ ಗಾಳಿ ಹಿಡಿದು ತುಂಬಿಕೊಂಡಾಗ, ಎಲ್ಲೂ ಸುಕ್ಕಿಲ್ಲ, ಎಲ್ಲೂ ಜಗ್ಗಿಲ್ಲ. ಅವಳಿಗೆ ಗೊತ್ತಿಲ್ಲದೆಯೇ ಅಂಗೈ ಮಡಿಚಿಕೊಂಡಿತು. ಅಷ್ಟು ದೊಡ್ಡದನ್ನು ಮನೆಯೊಳಗೆ ಅವಳು ಒಮ್ಮೆಯೂ ಪೂರ್ತಿ ಬಿಡಿಸಿ ನೋಡಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಅಲಮೇಲು ಎಂಬ ಹೆಂಗಸು ಕೂತಿದ್ದರು. ರೇಸು ನಡೆಸುತ್ತಿದ್ದವರ ಹೆಂಡತಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಎಲ್ಲದಕ್ಕಿಂತ ನಿಮ್ಮದೇ ಚೆನ್ನಾಗಿ ತುಂಬ್ಕೊಂಡಿದೆ ನೋಡಿ. ಬೊಂಬಾಯಿಯಲ್ಲಿ ಹೊಲಿಸಿದ್ದಂತೆ? ನಿಮ್ಮ ಯಜಮಾನರು ನಮ್ಮವರಿಗೆ ಹೇಳ್ತಿದ್ದರು. ಮನೇಲಿ ಹೊಲಿದಿದ್ದಾದ್ರೆ ಹೀಗೆ ಬರಲ್ಲ ಅಂತ."

ಪಂಕಜಾ ಮತ್ತೆ ಕೆರೆಯ ಕಡೆ ತಿರುಗಿದಳು. ದೋಣಿ ದಡದ ಹತ್ತಿರ ತಿರುಗಿಕೊಂಡು ಹಾದು ಹೋಯಿತು. ಬಿಳಿಯ ಹಾಯಿಯ ಕೆಳಮೂಲೆಯಲ್ಲಿ, ಅವಳು ಅರಿಶಿನ ಹಚ್ಚಿದ್ದ ಜಾಗದಲ್ಲಿ, ಅಂಗೈ ಅಗಲದ ಕೆಂಪು.

ಅರಿಶಿನಕ್ಕೆ ಸೋಪು ಬಿದ್ದರೆ ಕೆಂಪಾಗುತ್ತದೆ. ಆರತಿಯ ಓಕುಳಿಗೆ ಸುಣ್ಣ ಬೆರೆಸಿದ ಯಾವ ಹೆಂಗಸಿಗೂ, ಹುಳಿ ಚೆಲ್ಲಿದ ಪಂಚೆ ಒಗೆದ ಯಾವ ಹೆಂಗಸಿಗೂ ಗೊತ್ತು. ಬಿಸಿಲಿಗೆ ಹಾಕಿದರೆ ಆ ಕಲೆ ತಾನಾಗಿ ಹೋಗುತ್ತದೆ, ತಿಕ್ಕಬಾರದು. ಜನ್ಮದಲ್ಲಿ ತನ್ನ ಒಂದು ಬನಿಯನ್ನೂ ಒಗೆಯದ ಗಂಡಸು ಮಾತ್ರ ಅದನ್ನು ಸೋಪು ಹಾಕಿ ತಿಕ್ಕಬಲ್ಲ. ಬೆಳಿಗ್ಗೆ ಅವಳು ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದಾಗ ಅವನು ಹಿತ್ತಲಿನಲ್ಲಿ ಕೂತು ಅವಳ ಗುರುತನ್ನು ತಿಕ್ಕುತ್ತಿದ್ದ. ಅಂದರೆ ಬೊಂಬಾಯಿಯ ಮಾತು ಬಾಯಿತಪ್ಪಿ ಬಂದದ್ದಲ್ಲ. ಅವಳ ಜಾಗ ಕಿಟ್ಟಿಗೆ ಹೋದದ್ದೂ ಗಾಳಿ ನೋಡಿ ಅಲ್ಲ.

"ಅದೇನ್ರೀ ಕೆಂಪಗೆ?" ಅಲಮೇಲು ಕೇಳಿದರು. "ಕಂಪನಿ ಗುರುತೇ?"

"ಇರಬೇಕು," ಎಂದಳು ಪಂಕಜಾ.

ದೋಣಿ ಎರಡನೆಯದಾಗಿ ಬಂತು. ಎಲ್ಲರೂ ಚಿತ್ರಾನ್ನವನ್ನು ಹೊಗಳಿದರು. ಅದನ್ನು ಮಾಡಿದವಳು ಯಾರೆಂದು ಮುಚ್ಚಿಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಮನೆಗೆ ಬಂದಾಗ ಸೀತಮ್ಮ ಬಾಗಿಲಲ್ಲೇ ಕಾದಿದ್ದರು. "ನೀರಿನ ಮೇಲೆ ಹೇಗಿತ್ತೇ? ತಲೆ ಸುತ್ತಲಿಲ್ವಾ?"

"ನಾನು ಕೂರಲಿಲ್ಲ ಅತ್ತೆ," ಎಂದು ಪಂಕಜಾ ಒಳಗೆ ಹೋಗಿ ಕ್ಯಾರಿಯರುಗಳನ್ನು ತೊಳೆಯಲು ಹಾಕಿದಳು. ಸೀತಮ್ಮ ಮಗನ ಮುಖ ನೋಡಿದರು. ಅವನು ಶೂ ಬಿಚ್ಚುತ್ತಿದ್ದ.

ಅವನು ಕಾಫಿಗೆ ಬಂದಾಗ ಅವಳು ಕೇಳಿದಳು. "ಬೊಂಬಾಯಿಯಲ್ಲಿ ಹೊಲಿಸಿದ್ದು ಅಂತ ಯಾಕಂದ್ರಿ?"

"ಬಟ್ಟೆ ಬೊಂಬಾಯಿದೇ ಅಲ್ವಾ? ಅವರೆಲ್ಲ ದೊಡ್ಡ ಜನ ಕಣೇ. ಹೆಂಡತಿ ಮನೇಲಿ ಹೊಲಿದಳು ಅಂದ್ರೆ ದೋಣೀನೇ ಲೇವಡಿ ಮಾಡ್ತಾರೆ."

"ಸೋಪು ಹಾಕಿದ್ದು?"

ಅವನು ಕಾಫಿ ಕುಡಿದು ಲೋಟ ಅಲ್ಲೇ ಇಟ್ಟು ಎದ್ದು ಹೋದ. ಲೋಟವನ್ನು ಅವಳೇ ಎತ್ತಿದಳು.

ದಸರಾ ರಜೆಯಲ್ಲಿ ಕನ್ನಂಬಾಡಿಗೆ ದೋಣಿ ಹೋಯಿತು. ಸೇತುರಾಮ, ಕಿಟ್ಟಿ, ಕಿಟ್ಟಿಯ ಜೀಪು. ಅವರು ಎರಡು ದಿನ ಒಲೆ ಹಚ್ಚದೆ ಇರಬೇಕಲ್ಲ, ಅದಕ್ಕಾಗಿ ಪಂಕಜಾ ಹಿಂದಿನ ದಿನವೆಲ್ಲ ಒಲೆಯ ಮುಂದೆ ನಿಂತು ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ, ಕೋಡುಬಳೆ ಮಾಡಿ ಕಟ್ಟಿಕೊಟ್ಟಳು. ಬೊಂಬೆ ಕೂರಿಸುವ ಹೊತ್ತಿಗೆ ಅಟ್ಟದ ಹಲಗೆಗಳಿಗೆ ಹೊದಿಸಲು ಬಟ್ಟೆ ಸಾಲದೆ, ಒಮ್ಮೆಯೂ ತೊಡದ ಆ ಚೂಡಿದಾರಿನ ಹೊಲಿಗೆ ಬಿಚ್ಚಿ ಹಾಸಿದಳು. "ಹೊಸದಲ್ವೇನೇ ಇದು?" ಎಂದು ಸೀತಮ್ಮ ಕೇಳಿದ್ದಕ್ಕೆ, "ಆಗಿತ್ತು" ಎಂದಳು.

ಅವರು ಹಿಂದಿರುಗಿದಾಗ ಹಾಯಿ ಒದ್ದೆಯಾಗಿತ್ತು. ಮಡಿಚಿಟ್ಟರೆ ಬೂಷ್ಟು ಹಿಡಿಯುತ್ತದೆ, ತಾರಸಿಯಲ್ಲಿ ಒಣಗಿಸಬೇಕು. ಅದೂ ಅವಳ ಕೆಲಸವೇ. ಸೇತುರಾಮ ಮೂಲೆಯನ್ನು ಹಿಡಿದು ನೋಡಿದ. ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ಎಲ್ಲರೂ ಇದೇನು ಅಂತ ಕೇಳ್ತಾರೆ. ಹೋಗುತ್ತೇನೇ ಇದು?"

"ಇಲ್ಲ," ಎಂದಳು ಪಂಕಜಾ.

ಆ ಹಾಯಿ ಆ ಮನೆಯಲ್ಲಿದ್ದಷ್ಟು ಕಾಲವೂ ಅದನ್ನು ಒಣಗಿಸಿದವಳು ಅವಳೇ. ತಾರಸಿಯ ಮೇಲೆ ಅಂಚಿನಿಂದ ಅಂಚಿಗೆ ಹರಡಿ, ಹಾರದಂತೆ ನಾಲ್ಕು ಕಡೆ ಕಲ್ಲಿಟ್ಟು, ಕೊನೆಗೆ ಆ ಕೆಳಮೂಲೆಯ ಮೇಲೆ ಬಿಸಿಲು ತಾಗದ ಹಾಗೆ ಒಂದು ಮೊರವನ್ನು ಬೋರಲು ಹಾಕಿ ಕೆಳಗೆ ಇಳಿಯುತ್ತಿದ್ದಳು.