ಎಂಜಲಾದ ತೋಪು

ಚಂದಾಪುರದ ಆಚೆಗಿದ್ದ ನಮ್ಮ ಹೊಲಗಳೆಲ್ಲ ಫ್ಯಾಕ್ಟರಿ ಕಾಂಪೌಂಡುಗಳೊಳಗೆ ಸೇರಿಹೋದ ಮೇಲೆ ಅಪ್ಪ ಬಾಡಿಗೆ ಮನೆಗಳ ಯಜಮಾನರಾದರು. ಕೂತು ಉಣ್ಣುವ ಸುಖ ಅವರಿಗೆ ಒಗ್ಗಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಮಾಡಲು ಏನೂ ಇಲ್ಲದೆ, ತಾರಸಿ ಹತ್ತಿ ನೀರಿನ ಟ್ಯಾಂಕಿಗೆ ಬೈಯುತ್ತಿದ್ದರು. ಆಮೇಲೆ ಬಾಡಿಗೆಯವರಿಗೆ, ಆಮೇಲೆ ಅಮ್ಮನಿಗೆ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನ್ನ ಸರದಿ ತಿಂಡಿ ಹೊತ್ತಿಗೆ ಬರುತ್ತಿತ್ತು.

ಅಂಥದರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯವರು ನಮ್ಮೂರ ದೇವಿ ಗುಡಿಗೆ ಬಂದರು. ಅವರ ಎ.ಸಿ., ಜನರೇಟರು, ವಿಮಾನದ ಓಡಾಟಗಳಿಂದ ಗಾಳಿಗೆ ಸೇರುವ ಇಂಗಾಲವನ್ನು ಸರಿದೂಗಿಸಲು ಎಲ್ಲಾದರೂ ಮರ ಬೆಳೆಸಬೇಕಂತೆ. ಗುಡಿ ಹಿಂದಿನ ಬೀಳು ಜಾಗ ಅವರ ಕಣ್ಣಿಗೆ ಬಿದ್ದಿತ್ತು. ಅಲ್ಲಿ ಕಾರ್ ಪಾರ್ಕಿಂಗಿನ ಕನಸು ಕಾಣುತ್ತಿದ್ದ ಗುಡಿ ಸಮಿತಿಯ ಅಧ್ಯಕ್ಷರು ಮುಖ ಹುಳ್ಳಗೆ ಮಾಡಿಕೊಂಡೇ ಒಪ್ಪಿದರು. ಗಿಡ ನೋಡಿಕೊಳ್ಳಲು ಯಾರಾದರೂ ಬೇಕೆಂದಾಗ ಅಪ್ಪ ಎಲ್ಲರಿಗಿಂತ ಮೊದಲು ಕೈ ಎತ್ತಿದರು.

ಯಾವ ಗಿಡ ಎಂಬುದನ್ನು ಅರ್ಚಕರು ತೀರ್ಮಾನಿಸಿದರು. ದೇವರ ಜಾಗದಲ್ಲಿ ದೇವರಿಗೆ ಸಲ್ಲುವ ಗಿಡವೇ ಇರಬೇಕೆಂದು ಬಿಲ್ವ, ಬನ್ನಿ, ಅತ್ತಿ, ಅರಳಿ, ಬೇವು, ಮಾವು ತರಿಸಿದರು. ನೆಡುವ ದಿನ ಸಂಕಲ್ಪಕ್ಕೆ ಕೂತು, ಕಂಪನಿಯಿಂದ ಬಂದಿದ್ದ ಹುಡುಗಿಯನ್ನು ಕೇಳಿದರು: "ಕಂಪನಿ ಗೋತ್ರ ಯಾವುದಮ್ಮಾ?"

ಹುಡುಗಿ ಗಾಬರಿಯಾಗಿ ಮ್ಯಾನೇಜರಿಗೆ ಫೋನ್ ಹಚ್ಚಲು ಹೊರಟಳು.

"ಬೇಡ ಬಿಡಿ. ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ" ಎಂದು ಅರ್ಚಕರು ಮಂತ್ರ ಮುಂದುವರಿಸಿದರು.

ಅಲ್ಲಿಂದ ಅಪ್ಪ ಬೇರೆ ಮನುಷ್ಯರಾದರು. ಬೆಳಗ್ಗೆ ಪೈಪು ಹಿಡಿದು ಹೋದವರು ಮಧ್ಯಾಹ್ನ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದರು. ಒರೆಸಿದ ನೆಲ ಹಾಳಾಯಿತೆಂದು ಗೊಣಗುತ್ತಿದ್ದ ಅಮ್ಮ, ಅಡುಗೆಮನೆಗೆ ಹೋಗಿ ನಗುತ್ತಿದ್ದಳು. ಟ್ಯಾಂಕಿಗೆ ಬೈಯುವವರೇ ಇಲ್ಲವಾದರು.

ಗೌರಿ-ಗಣೇಶ ಬಂತು. ಗಣೇಶನಿಗೆ ಇಪ್ಪತ್ತೊಂದು ಬಗೆಯ ಪತ್ರೆ ಏರಿಸಬೇಕಲ್ಲ! ಊರವರು, ಹೊಸ ಅಪಾರ್ಟ್‌ಮೆಂಟಿನವರು, ಎಲ್ಲರೂ ಪ್ಲಾಸ್ಟಿಕ್ ಕವರು ಹಿಡಿದು ತೋಪಿಗೆ ನುಗ್ಗಿದರು. ಅಪ್ಪ ಗದರಿದರೆ "ದೇವ್ರಿಗೆ ಅಂಕಲ್" ಅನ್ನುತ್ತಿದ್ದರು. ದೇವರ ಹೆಸರು ಹೇಳಿದವರ ಕೈ ಹಿಡಿಯುವುದು ಹೇಗೆ? ಮಧ್ಯಾಹ್ನದ ಹೊತ್ತಿಗೆ ತೋಪಿನಲ್ಲಿ ಬರೀ ಕಡ್ಡಿಗಳು ನಿಂತಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ಪೂಜಾರಿಯೂ ಕೊಟ್ಟಿದ್ದರು, ಭಕ್ತರು ಉಳಿಸಲಿಲ್ಲ.

ಮರುವಾರ ಗಿಡಗಳ ಫೋಟೊ ತೆಗೆಯಲು ಬಂದ ಕಂಪನಿ ಹುಡುಗಿಗೆ ಅಪ್ಪ ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸಿದರು. "ಜೀವ ಐತೆ ಕಣಮ್ಮಾ."

"ಫೋಟೊದಲ್ಲಿ ಎಲೆ ಕಾಣ್ಬೇಕು ಅಂಕಲ್. ಮುಂದಿನ್ ವರ್ಷನೂ ಹೀಗೇ ಆದ್ರೆ ಪ್ರಾಜೆಕ್ಟ್ ಬೇರೆ ಕಡೆ ಹೋಗುತ್ತೆ."

ಹಾಗಾದರೆ ಜಾಗ ಪಾರ್ಕಿಂಗಿಗೆ ಎಂದು ಪಕ್ಕದಲ್ಲೇ ನಿಂತಿದ್ದ ಅಧ್ಯಕ್ಷರು ಹೇಳಿಬಿಟ್ಟರು. ಅಪ್ಪ ಅವತ್ತು ಊಟ ಮುಟ್ಟಲಿಲ್ಲ. ಹೊಲವನ್ನು ಎರಡನೇ ಸಲ ಕಳೆದುಕೊಳ್ಳುವ ಭಯ ಅದು. ನೋಡುತ್ತಿದ್ದ ನನಗೂ ಸಂಕಟವಾಯಿತು.

ಮುಂದಿನ ವರ್ಷ ಗೌರಿ ಹಬ್ಬದ ದಿನ ಕಾಫಿ ಕೊಡಲು ತೋಪಿಗೆ ಹೋದೆ. ಅಪ್ಪ ಗಿಡದಿಂದ ಗಿಡಕ್ಕೆ ಹೋಗುತ್ತ, ಕೊಂಬೆ ಬಗ್ಗಿಸಿ, ಒಂದೊಂದು ಎಲೆ ಕಚ್ಚಿ ಉಗುಳುತ್ತಿದ್ದರು. ತಲೆಗಿಲೆ ಕೆಟ್ಟಿತೇ ಎಂದು ಹೆದರಿದೆ.

"ಏನ್ ಮಾಡ್ತಿದೀಯಪ್ಪಾ?"

"ಎಂಜ್ಲು ಮಾಡ್ತಾ ಇವ್ನಿ." ಬೇವಿನ ಕಹಿಗೆ ಅವರ ಮುಖ ಕಿವುಚಿತ್ತು. "ಮನುಸ್ರು ಬಾಯಿ ಆಕಿದ್ದು ದೇವ್ರಿಗೆ ಬರಾಕಿಲ್ಲ. ಓಗು, ಎಲ್ರಿಗೂ ಯೋಳು."

ಹೇಳುವ ಕೆಲಸ ನನಗೆ ಬಿಟ್ಟರೆ ಕೇಳಬೇಕೇ? ಮಧ್ಯಾಹ್ನದೊಳಗೆ ಇಡೀ ಊರಿಗೆ ಡಂಗುರ ಸಾರಿದೆ. ಮರುದಿನ ಗಣೇಶನ ಹಬ್ಬದ ಬೆಳಗ್ಗೆ ಕವರು ಹಿಡಿದು ಬಂದವರೆಲ್ಲ "ಛೀ" ಎಂದು ಚಂದಾಪುರದ ಅಂಗಡಿಗಳ ಕಡೆ ತಿರುಗಿದರು. ಅಪ್ಪನ ಹೊಟ್ಟೆ ಕೆಟ್ಟಿತು, ತೋಪು ಉಳಿಯಿತು. ಆ ವಾರ ಬಂದ ಹುಡುಗಿ ಖುಷಿಯಿಂದ ಫೋಟೊ ತೆಗೆದುಕೊಂಡು ಹೋದಳು.

ಅಧ್ಯಕ್ಷರು ಮಾತ್ರ ಬಿಡಲಿಲ್ಲ. ಗುಡಿಯಲ್ಲಿ ಸಮಿತಿ ಸೇರಿಸಿ ಅಪ್ಪನನ್ನು ಕರೆಸಿದರು, ಜೊತೆಗೆ ನಾನೂ ಹೋದೆ. "ದೇವಿ ಗಿಡಕ್ಕೇ ಬಾಯಿ ಹಾಕವ್ರೆ. ಇಂಥ ಗಿಡ ಇಲ್ಲಿರೋದೇ ಬೇಡ, ತೆಗೆಸಿಬಿಡಣ."

ಅರ್ಚಕರು ಅಪ್ಪನ ಕಡೆ ತಿರುಗಿದರು. "ಹೀಗ್ ಮಾಡಿದ್ರೆ ದೇವಿ ಏನಂದ್ಕೋಬೇಕು ಯಜಮಾನ್ರೇ?"

"ನನ್ ವಲ ಓದಾಗ್ಲೇ ಏನೂ ಅನ್ಲಿಲ್ಲ ಅವ್ಳು" ಅಂದರು ಅಪ್ಪ. "ನಾಕ್ ಎಲೆಗೆ ಏನಂದಾಳು ಅಯ್ನೋರೇ?"

ಅಲ್ಲಿಯವರೆಗೆ ಒಳಗೊಳಗೇ ನಗುತ್ತಿದ್ದ ನಾನು ನಗು ನಿಲ್ಲಿಸಿದೆ. ಅಪ್ಪ ಇಷ್ಟು ವರ್ಷ ಬೈಯುತ್ತಿದ್ದುದು ಯಾರಿಗೆಂದು ಆಗ ತಿಳಿಯಿತು.

ಅರ್ಚಕರು ದೇವಿಗೆ ಕೈ ಮುಗಿದು ಇತ್ತ ತಿರುಗಿದರು. "ತಪ್ಪು ತಪ್ಪೇ. ಪ್ರಾಯಶ್ಚಿತ್ತ ಆಗ್ಬೇಕು. ಎಂಜಲು ಮಾಡಿದೋರೇ ದಿನಾ ಆ ಗಿಡಗಳಿಗೆ ನೀರು ಹಾಕ್ಬೇಕು."

"ಎಷ್ಟು ದಿನ?" ಅಧ್ಯಕ್ಷರು ಕೇಳಿದರು.

"ಅವ್ರ ಉಸಿರಿರೋವರ್ಗೂ. ಅದು ಮುಗಿಯೋವರ್ಗೂ ಆ ಜಾಗ ಯಾರೂ ಮುಟ್ಟೋ ಹಾಗಿಲ್ಲ."

ಅಧ್ಯಕ್ಷರು ದೇವಿಯ ಕಡೆ ಒಮ್ಮೆ ನೋಡಿ, ಚಪ್ಪಲಿ ಹುಡುಕಿಕೊಂಡು ಹೊರಟರು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಶಿಕ್ಷೆಯಾದವರಂತೆ ತಲೆ ತಗ್ಗಿಸಿ ಕೇಳಿದರು:

"ಅಂಗಾರೆ ಇವತ್ತೇ ಸುರು ಮಾಡ್ಲಾ?"