ಘೋಡಗೇರಿಯಿಂದ ತಂದ ಕುದುರೆ

ಇದನ್ನು ನಂಬದೆ ಇರಿ, ನೋಡೋಣ. ಗೋಕಾಕದ ನಮ್ಮ ಅಡುಗೆಮನೆಯಲ್ಲಿ, ಗ್ಯಾಸಿನ ಮೇಲೆ ಪೈಪು ಕಾಯಿಸಿ, ಮಂಗಳ ಗ್ರಹದಲ್ಲಿ ಹಾರಿಸುವ ಬಂದೂಕು ಮಾಡಿದವನು ನಾನು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಹುಡುಕಿ. ಇಂಥವನು ಇನ್ನೊಬ್ಬ ಸಿಕ್ಕರೆ ಕರೆದುಕೊಂಡು ಬನ್ನಿ, ಚಹಾ ನನ್ನದು.

ತಂಗಿಯ ಮೊಮ್ಮಗಳು ಹುಕ್ಕೇರಿ ಕಡೆಯ ಕಾಲೇಜಿನಲ್ಲಿ ಓದುತ್ತಾಳೆ. ಅಲ್ಲಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಒಂದು ನಾಟಕ. ಮುಂದೆ ಯಾವಾಗಲೋ ನಮ್ಮ ಮಂದಿ ಮಂಗಳ ಗ್ರಹದಲ್ಲಿ ಊರು ಕಟ್ಟುತ್ತಾರಂತೆ, ಇವಳು ಆ ಊರಿನ ಕಾವಲುಗಾರ್ತಿ. ಫೋನಿಗೆ ಒಂದು ಚಿತ್ರ ಕಳಿಸಿ, ಅಜ್ಜಾ ಇಂಥ ಬಂದೂಕು ಬೇಕು, ಕುದುರೆ ಎಳೆದರೆ ಲೈಟು ಬರಬೇಕು, ಸದ್ದೂ ಆಗಬೇಕು ಎಂದಳು. ಮೂಡಲಗಿಯಲ್ಲಿ ಜೀವಮಾನವಿಡೀ ಬೆಳೆಗೆ ಹುಳದ ಎಣ್ಣೆ ಹೊಡೆಯುವ ಪಂಪು ಮಾರಿ, ಕೆಟ್ಟದ್ದನ್ನು ರಿಪೇರಿ ಮಾಡಿ ಬದುಕಿದವನು ನಾನು. ಪಂಪಿನ ಹಿತ್ತಾಳೆ ಮೂತಿಗಿಂತ ಒಳ್ಳೆಯ ನಳಿಗೆ ಮಂಗಳ ಗ್ರಹದಲ್ಲಿಯೂ ಸಿಗಲಾರದು. ಬಂದೂಕಿನ ಮೈಗೆ, ಕಾಯಿಸಿ ಚಪ್ಪಟೆ ಮಾಡಿದ ನೀರಿನ ಪೈಪು, ಮೇಲೆ ಮಿಕ್ಸರಿನ ಹಳೆಯ ಮುಚ್ಚಳ, ಸಂದುಗಳಿಗೆ ನಲ್ಲಿ ಸೋರಿದರೆ ಮೆತ್ತುವ ಹಿಟ್ಟು, ಒಳಗೆ ಬೈಕಿನ ಇಂಡಿಕೇಟರ್ ಲೈಟು, ಬ್ಯಾಟರಿ, ಆಟದ ಕಾರಿನಿಂದ ಕಿತ್ತ ಪೀಪಿ. ಕಡೆಗೆ ಕಪಾಟಿಗೆ ಹಚ್ಚುವ ಬೆಳ್ಳಿ ಬಣ್ಣ ಬಳಿದೆ. ಹೆಂಡತಿ ಮುಚ್ಚಳ ಎಲ್ಲಿ ಎಂದು ಕೇಳಿದಳು. ಅದು ಭೂಮಿ ಬಿಟ್ಟು ಹೋಗಿದೆ ಎಂದೆ.

ಬೆರಳಿನಿಂದ ಎಳೆಯುವ ಕುದುರೆ ಮಾತ್ರ ಸರಿಹೋಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಕೊರೆದದ್ದೆಲ್ಲ ಮುರಿಯಿತು. ಅದಕ್ಕೆ ನಮ್ಮಲ್ಲಿ ಘೋಡಾ ಎಂದೂ ಅನ್ನುತ್ತಾರೆ. ಮರಾಠಿಯಲ್ಲಿ ಓಡುವ ಕುದುರೆಗೂ ಅದೇ ಹೆಸರು. ಘೋಡಗೇರಿಯಲ್ಲಿ ಪರಿಚಯದ ವೆಲ್ಡಿಂಗಿನವನಿದ್ದಾನೆ. ತಗಡಿನಲ್ಲಿ ಕತ್ತರಿಸಿ, ಸ್ಪ್ರಿಂಗು ಕೂರಿಸಿ ಕೊಡುತ್ತೇನೆ, ಬಾ ಎಂದ.

ಇಲ್ಲಿ ಬಾಜೂ ಮನೆಯವನನ್ನು ಕರೆತರಬೇಕು. ಗೋಕಾಕದಲ್ಲಿ ನಮ್ಮಿಬ್ಬರ ಮನೆ ಒತ್ತಿಗೊತ್ತಿ, ಮೂಡಲಗಿ ಹತ್ತಿರ ಹೊಲವೂ ಒತ್ತಿಗೊತ್ತಿ. ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಅವನ ಚಹಾ. ನನ್ನ ಸುಳ್ಳು ಕೇಳಿ ಈಗಲೂ ಸಿಟ್ಟಾಗುವವನು ಅವನೊಬ್ಬನೇ. ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ. ಅವನೂ ಬರುವುದು ಬಿಟ್ಟರೆ ನನ್ನ ಸಂಜೆಗಳು ಮುಗಿದ ಹಾಗೆ. ಹೊಲದ ಒಡ್ಡಿನ ಕಲ್ಲು ನನ್ನ ಕಡೆಯಿಂದ ಅವನ ಕಡೆಗೆ ಸರಿದಿದೆ ಎಂಬುದು ಅವನ ಹಳೆಯ ಅನುಮಾನ. ಒಮ್ಮೆ ಆ ಕಲ್ಲಿಗೆ ಸುಣ್ಣ ಬಳಿದು, ಕುಂಕುಮ ಹಚ್ಚಿ, ಇದು ದೇವರಾಗಿದೆ, ಮುಟ್ಟಬೇಡ ಎಂದಿದ್ದೆ. ಒಂದು ಸುಗ್ಗಿ ಪೂರಾ ಅದಕ್ಕೆ ಕೈಮುಗಿದ. ಗೊತ್ತಾದ ಮೇಲೆ ಒಂದು ವಾರ ಮಾತು ಬಿಟ್ಟ. ಅಷ್ಟೇ, ವಾರ.

ಘೋಡಗೇರಿಗೆ ಹೊರಟಾಗ ಅವನು ಗೇಟಿನಲ್ಲಿ ಸಿಕ್ಕ.

"ಎಲ್ಲಿಗೆ ಹೊಂಟೀಯೋ?"

"ಘೋಡಾ ತರಾಕ."

"ಕುದುರಿ? ಈ ವಯಸ್ಸಿನ್ಯಾಗ?"

ಖರೆ ಹೇಳಬಹುದಿತ್ತು. ನಾಲಿಗೆ ಕೇಳಲಿಲ್ಲ. ಬಿಳಿ ಕುದುರೆ, ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತೇನೆ, ನಿನ್ನ ಹಿತ್ತಲಿನಲ್ಲೇ ಕಟ್ಟುತ್ತೇನೆ ಎಂದುಬಿಟ್ಟೆ. ಪಾಪ, ಅವನು ಹಿತ್ತಲಿನ ಕಟ್ಟಿಗೆ ಸರಿಸಿ ನನ್ನ ಕುದುರೆ ಬರದಂತೆ ಅಡ್ಡ ಒಟ್ಟಿದ. ಸಂಜೆ ನಾನು ಬರಿಗೈಯಲ್ಲಿ ಬಂದೆ. ಕುದುರೆ ಎಲ್ಲಿ ಎಂದ. ಅಂಗಿಯ ಜೇಬು ತಟ್ಟಿ, "ಇದರಾಗ ಐತಿ" ಎಂದೆ. ನಗಲಿಲ್ಲ. ಜೇಬನ್ನೇ ನೋಡುತ್ತ ನಿಂತ.

ಅದು ಚುನಾವಣೆಯ ಕಾಲ. ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕು. ಹೊಲಕ್ಕೆ ಹಂದಿ ಬರದಂತೆ ಕಾಯಲು ಅವನು ಇಟ್ಟುಕೊಂಡಿದ್ದ ಹಳೆಯ ಬಂದೂಕು ಜಮಾ ಆಗಿತ್ತು. ಬರಿಗೈಯ ಮನುಷ್ಯ ಲೆಕ್ಕ ಹಾಕಿದ: ಘೋಡಾ ಜೇಬಿನಲ್ಲಿ ಹಿಡಿಯುತ್ತದೆ, ಅಂದರೆ ಅದು ಹುಲ್ಲು ತಿನ್ನುವ ಘೋಡಾ ಅಲ್ಲ. ಮನೆಯಲ್ಲಿ ಗರಗಸದ ಸದ್ದು, ಬಣ್ಣದ ವಾಸನೆ. ಒಡ್ಡಿನ ಕಲ್ಲಿನ ಜಗಳ. ಮರುದಿನ ಕಟ್ಟೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ನನ್ನನ್ನು ಕಂಡರೆ ದಾರಿಯ ಆಚೆ ಬದಿ ಹಿಡಿಯುತ್ತಿದ್ದ. ನಾನು ಅಂಗಿಯ ಜೇಬಿಗೆ ಕೈ ಹಾಕಿದರೆ ನಿಂತುಬಿಡುತ್ತಿದ್ದ.

ಮೊದಮೊದಲು ನಗು ಬಂತು. ಆಮೇಲೆ ನನ್ನ ಚಹಾ ಆರತೊಡಗಿತು. ತೋರಿಸಿಯೇ ಬಿಡೋಣ ಎಂದು ಬಂದೂಕು ಹಿಡಿದುಕೊಂಡೇ ಅವನ ಮನೆಗೆ ನಡೆದೆ. ಇದಕ್ಕಿಂತ ದಡ್ಡತನವನ್ನು ನನ್ನ ಶತ್ರುವೂ ಮಾಡಲಾರ. ಅವನು ಬಾಗಿಲು ಹಾಕಿಕೊಂಡು ಕಿಟಕಿಯಲ್ಲಿ ನಿಂತ.

"ಲೇ, ಇದು ನಾಟಕದ್ದು," ಎಂದೆ.

"ನಿಂದೆಲ್ಲಾ ನಾಟಕನ ಅಲ್ಲೇನು?"

"ಖರೆ ಹೇಳಾಕತ್ತೇನಿ. ಒಳಗ ಬರೇ ಲೈಟ್ ಐತಿ."

"ಮೊನ್ನೆ ಕುದುರಿ ಐತಿ ಅಂದಿ. ನಂದು ಠಾಣೇದಾಗ ಐತಿ. ನಿಂದೂ ಒಯ್ದು ಜಮಾ ಮಾಡು, ಆಮ್ಯಾಲ ಮಾತಾಡೂಣು."

ಒಳಗೇನಿದೆ ಎಂದು ತೋರಿಸಲು ಎಳೆದೆ. ಕಿಟಕಿಯ ಮೇಲೆ ಕೆಂಪು ಬೆಳಕು ಬಿತ್ತು, ಪೀಪಿ ಊದಿತು. ಅವನ ಮುಖ ಕಿಟಕಿಯಿಂದ ಕೆಳಗೆ ಇಳಿಯಿತು. ಅವನ ಹೆಂಡತಿ ಬಂದು ಮೆಲ್ಲಗೆ ಹೇಳಿದಳು: "ಅಣ್ಣಾರ, ಹೋಗ್ರಿ. ಅವರಿಗೆ ಬಿಪಿ ಐತಿ." ಆ ಮಾತು ನನಗೆ ಹಿಡಿಸಲಿಲ್ಲ. ಇಷ್ಟು ವರ್ಷದಲ್ಲಿ ಆಕೆ ನನ್ನನ್ನು ಹೋಗಿ ಎಂದದ್ದಿಲ್ಲ, ಉಂಡು ಹೋಗಿ ಎಂದೇ ಅಂದದ್ದು.

ನಾಟಕದ ದಿನ ಬಂದೂಕನ್ನು ಕರದಂಟಿನ ಡಬ್ಬಿಯಲ್ಲಿಟ್ಟು ನಾನೂ ಹೆಂಡತಿಯೂ ಹುಕ್ಕೇರಿ ಬಸ್ಸು ಹತ್ತಿದೆವು. ಪಕ್ಕದ ಸೀಟಿನಲ್ಲಿ ಕೂತ ಯಾರೋ ಒಬ್ಬ ದಾರಿಯುದ್ದಕ್ಕೂ ಡಬ್ಬಿ ಯಾವಾಗ ತೆರೆಯುತ್ತೇನೆ ಎಂದು ಕಾದ. ವೇದಿಕೆಯ ಮೇಲೆ ಹುಡುಗಿ ಕಾಲು ಅಗಲಿಸಿ ನಿಂತು ಎಳೆದಳು ನೋಡಿ, ಕೆಂಪು ಬೆಳಕು ಕಡೆಯ ಸಾಲಿನ ತನಕ ಹೋಯಿತು, ಹುಡುಗರ ಸೀಟಿ ನಿಲ್ಲಲೇ ಇಲ್ಲ. ಬಂದೂಕು ಯಾವ ಊರಿನಿಂದ ತರಿಸಿದ್ದು ಎಂದು ಒಬ್ಬರು ಕೇಳಿದರು. ಮಂಗಳದಿಂದ ಎಂದೆ. ಹೆಂಡತಿ ಫೋನಿನಲ್ಲಿ ಎಲ್ಲ ತೆಗೆದು, ಅಲ್ಲಿಂದಲೇ ಬಾಜೂ ಮನೆಯವನಿಗೆ ಕಳಿಸಿದಳು.

ಮರುದಿನ ಸಂಜೆ ಅವನು ಬಂದ. ಕಟ್ಟೆಯ ಮೇಲೆ ತನ್ನ ಜಾಗದಲ್ಲಿ ಕುಳಿತ. ಚಹಾವನ್ನು ಬಸಿಗೆ ಸುರಿದು, ಊದಿ, ಸುರ್ರೆಂದು ಎಳೆದ. ಆಮೇಲೆ ಹೇಳಿದ:

"ವಿಡಿಯೋ ನೋಡಿದೆ. ಆ ಹುಡುಗಿ ಕೈಯಾಗ ಲೈಟ್ ಬಂತು, ಖರೆ. ನಿನ್ನ ಕೈಯಾಗ ಏನ್ ಬರತೈತಿ ಯಾರಿಗೆ ಗೊತ್ತು."

ಇಷ್ಟು ಹೇಳಿದ್ದರಲ್ಲಿ ಸುಳ್ಳು ಒಂದೇ. ಕುದುರೆ, ಮಿಕ್ಸರಿನ ಮುಚ್ಚಳ, ದೇವರಾದ ಕಲ್ಲು ಎಲ್ಲ ಖರೆ. ಅವನು ಕೂತು ಚಹಾ ಕುಡಿದದ್ದನ್ನು ಮಾತ್ರ ನಾನು ಕಟ್ಟಿದೆ. ಗೇಟಿನ ಆಚೆ ರಸ್ತೆಯಲ್ಲಿ ನಿಂತು ಆ ಮಾತು ಹೇಳಿದ, ನನ್ನ ಕೈಗಳನ್ನು ಒಮ್ಮೆ ನೋಡಿದ, ಹೋದ.